ಸಂತೆಗೂ ಪ್ರವಾಸಕ್ಕೂ ಜೇಬಿನ ಕ್ಯಾಮೆರಾ: ಬಳಸಿದವರು ಅನುಭವ ಹೇಳಿ

ಉಣಕಲ್ ದಂಡೆ

ನಮಸ್ಕಾರ. ನನ್ನ ಬಳಿ ಹಳೆಯ ಡಿಎಸ್‌ಎಲ್‌ಆರ್ ಇದೆ. ದುರ್ಗದ ಬೈಲಿನಲ್ಲಿ ಅದನ್ನು ಚೀಲದಿಂದ ತೆಗೆದರೆ ಸಾಕು, ಗಿರಮಿಟ್ ಕಲಸುತ್ತಿದ್ದ ಕೈ ನಿಲ್ಲುತ್ತದೆ, ಹುಡುಗರು ಎರಡು ಬೆರಳೆತ್ತಿ ನಿಲ್ಲುತ್ತಾರೆ, ಯಾರಾದರೊಬ್ಬರು "ಯಾವ ಚಾನೆಲ್?" ಎಂದು ಕೇಳುತ್ತಾರೆ. ಡಿಸೆಂಬರಿನಲ್ಲಿ ಲಕ್ಕುಂಡಿ, ಬಾದಾಮಿ, ಹಂಪಿ ತಿರುಗುವ ಯೋಚನೆ ಇದೆ. ಆ ಚೀಲ ಬಂದರೆ ತಾನು ಬರುವುದಿಲ್ಲವೆಂದು ಹೆಂಡತಿ ಹೇಳಿದ್ದಾಳೆ. ರಿಕೋ ಜಿಆರ್, ಸೋನಿ ಆರ್‌ಎಕ್ಸ್100, ಫ್ಯೂಜಿ ಎಕ್ಸ್100 ಎಂಬ ಮೂರು ಹೆಸರುಗಳನ್ನೇ ಎಲ್ಲರೂ ಹೇಳುತ್ತಾರೆ. 60,000 ರೂಪಾಯಿ ದಾಟುವಂತಿಲ್ಲ. ಬಳಸಿದ್ದಾದರೂ ಆದೀತು. ಜೂಮ್ ಬೇಕೇ, ಬೇಡವೇ?

ಬ್ಯಾಡಗಿ ಘಾಟು

ಕೊಳ್ಳುವ ಮೊದಲು ನನ್ನ ಕಥೆ ಕೇಳಿ. ಎಪಿಎಸ್‌ಸಿ ಸೆನ್ಸರ್ (ಚಿತ್ರ ಹಿಡಿಯುವ ಫಲಕ, ಬಹುತೇಕ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವಷ್ಟೇ ದೊಡ್ಡದು), 28 ಎಂಎಂ ನೋಟದ ಲೆನ್ಸ್ (ಈ ಸಂಖ್ಯೆ ಕಡಿಮೆಯಾದಷ್ಟು ನೋಟ ಅಗಲ), ಅಂಗಿಯ ಜೇಬಿಗೆ ಇಳಿಯುವ ಗಾತ್ರ. ಕಂಪನಿಯ ಹೆಸರು ಬೇಡ, ಜಗಳ ನನಗೂ ಕ್ಯಾಮೆರಾಕ್ಕೂ ಮಾತ್ರ. ಮೂರು ವರ್ಷದ ಹಿಂದೆ ಫೆಬ್ರುವರಿಯಲ್ಲಿ ನಮ್ಮ ಮೆಣಸಿನಕಾಯಿ ಮಾರುಕಟ್ಟೆಗೆ ಒಯ್ದೆ. ಮೂಟೆ ಸುರಿಯುತ್ತಾರೆ, ಕೆಂಪು ಧೂಳು ಏಳುತ್ತದೆ, ಬಾಗಿಲಿನಿಂದ ಬಿಸಿಲಿನ ಕೋಲು ಅದರೊಳಗೆ ಇಳಿದಿರುತ್ತದೆ. ಇದಕ್ಕಿಂತ ಒಳ್ಳೆಯ ಬೆಳಕು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಎರಡು ತಾಸಿನಲ್ಲಿ ನಾನು ನಲವತ್ತು ಬಾರಿ ಸೀನಿದೆ, ಕ್ಯಾಮೆರಾ ಸೀನಲಿಲ್ಲ, ಒಳಗೆ ಎಳೆದುಕೊಂಡಿತು. ಲೆನ್ಸ್ ಹೊರಬಂದು ಒಳಹೋಗುವಾಗಲೆಲ್ಲ ಕುಲುಮೆಯ ತಿದಿಯಂತೆ ಗಾಳಿ ಎಳೆಯುತ್ತದೆ. ಆ ಗಾಳಿಯಲ್ಲಿ ಇದ್ದದ್ದೆಲ್ಲ ಸೆನ್ಸರ್ ಮೇಲೆ ಕೂರುತ್ತದೆ.

ಮನೆಗೆ ಬಂದು ನೋಡಿದರೆ ಆಕಾಶದ ಎಡ ಮೂಲೆಯಲ್ಲಿ ಮೂರು ಬೂದು ಚುಕ್ಕೆ. ಹದ್ದುಗಳೆಂದುಕೊಂಡೆ. ಮರುದಿನ ಮನೆಯ ಸುಣ್ಣದ ಗೋಡೆಯ ಮೇಲೂ ಅದೇ ಜಾಗದಲ್ಲಿ ಅದೇ ಮೂರು ಹದ್ದು. ಲೆನ್ಸ್ ಬಿಚ್ಚಲು ಬರುವುದಿಲ್ಲ, ಆದ್ದರಿಂದ ನಾವೇ ಗಾಳಿ ಊದಿ ತೆಗೆಯುವ ಮಾತಿಲ್ಲ. ಬೆಂಗಳೂರಿಗೆ ಕೊರಿಯರ್ 640 ರೂಪಾಯಿ. ಸ್ವಚ್ಛಗೊಳಿಸಲು 4,500, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 5,310. ವಾಪಸ್ ಕೊರಿಯರ್ ಮತ್ತೆ 640. ಇಪ್ಪತ್ಮೂರು ದಿನದ ಮೇಲೆ ಬಂತು, ಒಂದು ಹದ್ದು ಹಾಗೆಯೇ ಇತ್ತು. ನಾಲ್ಕು ತಿಂಗಳಲ್ಲಿ ಉಳಿದ ಎರಡೂ ಗೂಡಿಗೆ ಮರಳಿದವು.

ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು ಪೂರ್ತಿ ತೆರೆದು ಎಫ್2.8ರಲ್ಲಿ ತೆಗೆದರೆ ಚುಕ್ಕೆ ಕಾಣುವುದಿಲ್ಲ, ಎಫ್8ಕ್ಕೆ ಕಿರಿದು ಮಾಡಿದರೆ ಕಾಣುತ್ತದೆ. ಬೀದಿಯಲ್ಲಿ ನಾನು ತೆಗೆಯುವುದೇ ಎಫ್8ರಲ್ಲಿ. ಫೋಕಸ್ಸನ್ನು 2 ಮೀಟರಿಗೆ ಕಟ್ಟಿಟ್ಟರೆ ಒಂದು ಮೀಟರಿನಿಂದ ಇಪ್ಪತ್ತು ಮೀಟರಿನವರೆಗೆ ಎಲ್ಲವೂ ಸ್ಪಷ್ಟ, ಒತ್ತುವುದಷ್ಟೇ ಕೆಲಸ.

ಚಿಗರಿ ಸವಾರ

ಬೇಸರ ಮಾಡಿಕೊಳ್ಳಬೇಡಿ ಸರ್, ಮೆಣಸಿನಕಾಯಿ ರಾಶಿಗೆ ಕ್ಯಾಮೆರಾ ಹಿಡಿದು ಹೋದವರು ಧೂಳು ಬಂತೆಂದು ಅಳುವುದು ಸರಿಯಲ್ಲ. ಅದೂ ಅಲ್ಲದೆ ಬ್ಯಾಡಗಿ ಕಾಯಿಗೆ ಬಣ್ಣವೇ ಹೆಚ್ಚು, ಖಾರ ಎಲ್ಲಿದೆ?

ನಾನು ಒಮ್ಮೆಲೇ ಖರ್ಚು ಮಾಡಿ ಸುಮ್ಮನಾದವನು. ಫ್ಯೂಜಿ ಎಕ್ಸ್100ವಿ. 2022ರಲ್ಲಿ ಅಂಗಡಿಗಳಲ್ಲಿ ದಾಸ್ತಾನೇ ಇರಲಿಲ್ಲ. ದುಬೈಯಲ್ಲಿರುವ ನಮ್ಮ ಮಾವನ ಮಗನಿಗೆ ಹೇಳಿದೆ. ಬಿಲ್ಲು ನಮ್ಮ ಲೆಕ್ಕದಲ್ಲಿ 1,15,000. ವಿಮಾನ ನಿಲ್ದಾಣದಲ್ಲಿ ಆ ಪುಣ್ಯಾತ್ಮ ತಾನೇ ಸುಂಕ ಕಟ್ಟುವವರ ಕೆಂಪು ದಾರಿಗೆ ಹೋಗಿ ನಿಂತ. ಆಗ 50,000ದ ಮೇಲಿನ ಮೊತ್ತಕ್ಕೆ ಶೇ 38.5 ಸುಂಕ, ಅಂದರೆ 25,025 ರೂಪಾಯಿ. ಅದನ್ನು ನಾನೇ ಕೊಡಬೇಕಾಯಿತು. ಇದಕ್ಕೆ ಮಳೆ ತಡೆಯುವ ಗುಣ ಬರುವುದು ಮುಂದೆ ಉಂಗುರ ಮತ್ತು ಫಿಲ್ಟರ್ ಕೂರಿಸಿದರೆ ಮಾತ್ರ, ಅವು ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅವಕ್ಕೆ 5,800. ಚರ್ಮದ ಕವಚ 3,200. ಕೂಡಿಸಿ ನೋಡಿ, ನಾನು ಹೆಂಡತಿಗೆ ಹೇಳಿದ್ದು 80,000.

ಆದರೆ ಒಂದು ಮಾತು. ಲೈನ್ ಬಜಾರಿನಲ್ಲಿ ಪೇಢೆ ಕಟ್ಟುತ್ತಿದ್ದ ಯಜಮಾನರು ಇದನ್ನು ನೋಡಿ "ಇದಕ್ಕೆ ಇನ್ನೂ ರೀಲು ಸಿಗುತ್ತದೆಯೇ?" ಎಂದು ಕೇಳಿದರು. ಅಜ್ಜನ ಕಾಲದ ಡಬ್ಬಿ ಎಂದುಕೊಂಡು ಮತ್ತೆ ಪೇಢೆಯ ಕಡೆ ತಿರುಗಿದರು. ಆಗ ತೆಗೆದ ಚಿತ್ರ ಈಗ ನಮ್ಮ ಪಡಸಾಲೆಯಲ್ಲಿದೆ. ಷಟರ್ ಲೆನ್ಸಿನೊಳಗೇ ಇರುವುದರಿಂದ ಸದ್ದು ನನಗೇ ಕೇಳಿಸುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎರಡು ಆಷಾಢ ಕಳೆದಿದ್ದೇನೆ. ಜೂಮ್ ಇಲ್ಲದಿದ್ದರೆ ಎರಡು ಹೆಜ್ಜೆ ಮುಂದೆ ಹೋಗಿ.

ಬೆಟಗೇರಿ ಮಗ್ಗ

1,49,025 ರೂಪಾಯಿ. ನೀವು ಕೂಡಿಸಿ ಎಂದಿರಿ, ಕೂಡಿಸಿದೆ. ಕೇಳಿದವರು 60,000 ಎಂದು ಬರೆದಿದ್ದಾರೆ. ನಮ್ಮ ಕಡೆ ಆ ದುಡ್ಡಿಗೆ ಎಮ್ಮೆ ಬರುತ್ತದೆ, ಕರುವಿನ ಸಮೇತ.

ನಾನು ಬಳಸಿದ್ದನ್ನೇ ಕೊಂಡೆ, ಹುಬ್ಬಳ್ಳಿಯಲ್ಲಿ 24,500ಕ್ಕೆ. ಒಂದು ಇಂಚಿನ ಸೆನ್ಸರ್. ಹೆಸರಿಗೆ ಇಂಚು, ಅಳೆದರೆ 13.2 ಮಿಮೀ ಅಗಲ, 8.8 ಮಿಮೀ ಎತ್ತರ. 24ರಿಂದ 70ರ ಜೂಮ್, ಎಫ್1.8. ಮಗ್ಗದ ಮನೆಯೊಳಗೆ ಒಂದೇ ಕಿಟಕಿ, ನೇಕಾರರು ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತಿರುತ್ತಾರೆ. ಬೆನ್ನಿಗೆ ಗೋಡೆ. ಎರಡು ಹೆಜ್ಜೆ ಹಿಂದೆ ಹೋಗಲು ಜಾಗ ಎಲ್ಲಿದೆ, ಚಿಗರಿ ಸವಾರರೇ? ಅಲ್ಲಿ 24 ಬೇಕೇ ಬೇಕು. ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ ತೆಗೆದರೆ ಲಾಳಿ ಬಿಳಿ ಗೆರೆಯಾಗುತ್ತದೆ, ಹಣಿಗೆ ಹಿಡಿದ ಕೈ ಮಾತ್ರ ನಿಶ್ಚಲವಾಗಿ ನಿಲ್ಲುತ್ತದೆ. ಅದೊಂದು ಚಿತ್ರಕ್ಕೆ ಆರು ಸಲ ಹೋಗಿ ಬಂದಿದ್ದೇನೆ.

ಈಗ ಕಷ್ಟದ ಭಾಗ. ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಇಟ್ಟಿದ್ದೆ, ಮರಳು ತಗುಲಿರಬೇಕು. ಲೆನ್ಸ್ ಅರ್ಧ ಹೊರಬಂದು ಕರ್‌ಕರ್ ಎಂದು ನಿಂತಿತು. ಒಳಗೂ ಹೋಗದು, ಹೊರಗೂ ಬಾರದು. ಯಾವ ಕಂಪನಿಯದಾದರೂ ಹೊರಬರುವ ಲೆನ್ಸಿಗೆ ಈ ಹಣೆಬರಹ ತಪ್ಪಿದ್ದಲ್ಲ. ರಿಪೇರಿಯವನು ಮೊದಲು 3,000 ಎಂದ, ಬಿಚ್ಚಿದ ಮೇಲೆ 7,500 ಎಂದ, ಕೊನೆಗೆ ಲೆನ್ಸಿನ ಇಡೀ ಭಾಗವೇ ಬೇಕೆಂದು 9,800 ತೆಗೆದುಕೊಂಡ. ಐದು ವಾರ ಕಾದೆ. ಆ ಐದು ವಾರದಲ್ಲೇ ತೋಂಟದಾರ್ಯ ಮಠದ ಜಾತ್ರೆ ಬಂದು ಹೋಯಿತು.

ಏಲಕ್ಕಿ ಹಾರ

ಮೊಬೈಲ್ ಇರುವಾಗ ಈ ಗೋಳು ಯಾಕೆ? ಹಾವೇರಿ ಕಡೆ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೊಬ್ಬರಿ ಹಾರ ಕಟ್ಟಿದ ಹೋರಿ ನನ್ನ ಮುಂದೆಯೇ ಹಾರಿಹೋಯಿತು. ಜೇಬಿನಿಂದ ಮೊಬೈಲ್ ತೆಗೆದೆ, ಒತ್ತಿದೆ, ಬಂತು. ಸ್ಟೇಟಸ್ಸಿಗೆ ಹಾಕಿದಾಗ ಎಲ್ಲರೂ ಮೆಚ್ಚಿದರು.

ಬೆಟಗೇರಿ ಮಗ್ಗ

ಸ್ಟೇಟಸ್ಸಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ ತಮ್ಮಾ. ಹನ್ನೆರಡು ಇಂಚಿಗೆ ಮುದ್ರಿಸಿ ನೋಡು. ಹೋರಿಗೆ ಎಷ್ಟು ಕಾಲಿವೆ ಎಂದು ಎಣಿಸಿ ಹೇಳು.

ಏಲಕ್ಕಿ ಹಾರ

ನಾಲ್ಕೇ ಇವೆ. ಆ ದಿನ ನಿಮ್ಮ ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿತ್ತು, ನನ್ನದು ಕೈಯಲ್ಲಿತ್ತು.

ಬ್ಯಾಡಗಿ ಘಾಟು

ಚಿಗರಿ ಸವಾರರೇ, ಖಾರ ಎಲ್ಲಿದೆ ಎಂದಿರಲ್ಲ, ಧೂಳಾಗಲು ಖಾರ ಬೇಕಿಲ್ಲ. ಡಬ್ಬಿ ತಳಿಯ ಮೆಣಸಿನಕಾಯಿಯ ಒಂದು ಮೂಟೆಯ ಪಕ್ಕ ಅರ್ಧ ತಾಸು ನಿಂತು ಆಮೇಲೆ ಮಾತನಾಡಿ. ನಿಮ್ಮ ಪೇಢೆ ಅಂಗಡಿಯಲ್ಲಿ ಏಳುವುದು ಸಕ್ಕರೆ ಪುಡಿ.

ಮಾಳಮಡ್ಡಿ ಅಕ್ಕ

ಎಲ್ಲರೂ ನಿಮ್ಮ ನಿಮ್ಮ ರಸೀದಿ ಓದಿದಿರಿ, ಕೇಳಿದವರಿಗೆ ಉತ್ತರ ಸಿಕ್ಕಿತೇ? ನಾನು ನಿವೃತ್ತ ಶಿಕ್ಷಕಿ, ಕನ್ನಡಕ ಇಲ್ಲದೆ ನಡೆಯುವುದಿಲ್ಲ. ನನಗೆ ದೊಡ್ಡ ತೊಂದರೆ ಸೆನ್ಸರೂ ಅಲ್ಲ, ಜೂಮೂ ಅಲ್ಲ, ಬಿಸಿಲು. ರಿಕೋ ಜಿಆರ್ 3 ಎರಡು ವರ್ಷ ಬಳಸಿದ್ದೇನೆ. ಬ್ಯಾಟರಿ ಸೇರಿಸಿ 257 ಗ್ರಾಂ, ವ್ಯಾನಿಟಿ ಬ್ಯಾಗಿನಲ್ಲಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು, ಅಷ್ಟು ಹಗುರ. ಕಣ್ಣಿಟ್ಟು ನೋಡುವ ಕಿಂಡಿ ಅದರಲ್ಲಿಲ್ಲ, ಕೊಳ್ಳುವಾಗಲೇ ಗೊತ್ತಿತ್ತು, ತಪ್ಪು ನನ್ನದೇ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ತ್ರಿಕೂಟೇಶ್ವರನ ಕಂಬಗಳನ್ನು ತೆಗೆಯಲು ಹೋದರೆ ಪರದೆಯ ಮೇಲೆ ಕಂಡದ್ದು ನನ್ನದೇ ಕನ್ನಡಕ. ಸೆರಗು ತಲೆಯ ಮೇಲೆ ಎಳೆದುಕೊಂಡು ಹಳೆಯ ಸ್ಟುಡಿಯೋದವರ ಹಾಗೆ ನೋಡಬೇಕಾಯಿತು. 28 ನನಗೆ ಅಗಲ ಹೆಚ್ಚಾಯಿತು. 40 ಎಂಎಂನ 3ಎಕ್ಸ್ 2021ರಲ್ಲಿ ಬಂತು, ನಾನು ಅದನ್ನು ಕಾಯಬೇಕಿತ್ತು. ಈಗ ತಂಗಿಯ ಮಗಳಿಗೆ ಕೊಟ್ಟುಬಿಟ್ಟಿದ್ದೇನೆ.

ಇನ್ನೊಂದು ಮಾತು ಇಲ್ಲಿ ಯಾರೂ ಹೇಳಲಿಲ್ಲ. ಜನರಿಗೆ ಗೊತ್ತಾಗದಂತೆ ತೆಗೆಯುವುದನ್ನೇ ಎಲ್ಲರೂ ಸಾಧನೆ ಎಂದು ಬರೆಯುತ್ತಿದ್ದೀರಿ. ಸುಭಾಸ ರಸ್ತೆಯಲ್ಲಿ ಹೂವು ಮಾರುವ ಹೆಣ್ಣುಮಗಳೊಬ್ಬಳು ನನ್ನನ್ನು ನಿಲ್ಲಿಸಿ ಕೇಳಿದಳು: "ಹೋದ ವಾರ ಒಬ್ಬರು ನನ್ನ ಫೋಟೋ ತೆಗೆದುಕೊಂಡು ಹೋದರು, ಅದನ್ನು ಏನು ಮಾಡಿದರು?" ಅಂದಿನಿಂದ ನಾನು ಕೇಳಿಯೇ ತೆಗೆಯುತ್ತೇನೆ, ಮುಂದಿನ ವಾರ ಪ್ರಿಂಟ್ ಒಯ್ದು ಕೊಡುತ್ತೇನೆ.

ಚಿಗರಿ ಸವಾರ

ಅಕ್ಕಾ, ಕೇಳಿ ತೆಗೆದರೆ ಅದು ಪಾಸ್‌ಪೋರ್ಟ್ ಫೋಟೋ ಆಗುತ್ತದೆ. ಪೇಢೆಯ ಯಜಮಾನರನ್ನು ಕೇಳಿದ್ದರೆ ಟೋಪಿ ಸರಿಮಾಡಿಕೊಂಡು ನೆಟ್ಟಗೆ ನಿಂತುಬಿಡುತ್ತಿದ್ದರು.

ಮಾಳಮಡ್ಡಿ ಅಕ್ಕ

ನಿಲ್ಲಲಿ. ಟೋಪಿ ಅವರದು. ಆ ಚಿತ್ರ ನಿಮ್ಮ ಪಡಸಾಲೆಯಲ್ಲಿದೆ ಎಂದಿರಿ, ಅವರ ಅಂಗಡಿಯಲ್ಲಿ ಒಂದು ಪ್ರತಿ ಇದೆಯೇ?

ಚಿಗರಿ ಸವಾರ

ಇಲ್ಲ. ಕೊಡಬೇಕು. ಆದರೆ ಇಲ್ಲಿ ಮಾತು ಕ್ಯಾಮೆರಾದ್ದು.

ಬೆಟಗೇರಿ ಮಗ್ಗ

ನೇಕಾರರಿಗೆ ನಾನು ಕೊಟ್ಟಿದ್ದೇನೆ. ನೋಡಿ "ಸೀರೆಯ ಬಣ್ಣ ತಪ್ಪಾಗಿದೆ" ಎಂದರು. ಹೌದು, ಟ್ಯೂಬ್‌ಲೈಟಿನ ಹಸಿರು ಸೇರಿಕೊಂಡಿತ್ತು. ಜೆಪೆಗ್‌ನಲ್ಲಿ ತೆಗೆದಿದ್ದೆ, ತಿದ್ದಲು ಆಗಲಿಲ್ಲ. ಅಂದಿನಿಂದ ರಾ (ಆಮೇಲೆ ಬಣ್ಣ ತಿದ್ದಲು ಬರುವ ಕಚ್ಚಾ ಫೈಲು) ಬಿಟ್ಟು ಬೇರೇನನ್ನೂ ಬಳಸುವುದಿಲ್ಲ.

ಏಲಕ್ಕಿ ಹಾರ

ಮೊಬೈಲಿನಲ್ಲಿ ಬಣ್ಣ ತಾನಾಗಿಯೇ ಸರಿಯಾಗುತ್ತದೆ.

ಬೆಟಗೇರಿ ಮಗ್ಗ

ಸೀರೆ ನೇಯ್ದವರು ಹೇಳಬೇಕು ಅದನ್ನು. ನೀನಲ್ಲ, ನಿನ್ನ ಮೊಬೈಲೂ ಅಲ್ಲ.

ಉಣಕಲ್ ದಂಡೆ

ಎಲ್ಲರಿಗೂ ಧನ್ಯವಾದ. ಆದರೆ 60,000 ಎಂದಿದ್ದೆ. ಲಕ್ಕುಂಡಿ ಗುಡಿಗಳ ಒಳಗೆ ಕತ್ತಲಿರುತ್ತದೆ ಎಂದು ಕೇಳಿದ್ದೇನೆ, ಟ್ರೈಪಾಡ್ ಒಯ್ಯಬಹುದೇ?

ಮಾಳಮಡ್ಡಿ ಅಕ್ಕ

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಕಂಬಕ್ಕೆ ಭುಜ ಆನಿಸಿ ಉಸಿರು ಬಿಗಿಹಿಡಿಯಿರಿ.

ಬೆಟಗೇರಿ ಮಗ್ಗ

ಮೆಟ್ಟಿಲ ಮೇಲೆ ಮಾತ್ರ ಇಡಬೇಡಿ.

ಉಣಕಲ್ ದಂಡೆ

ಬ್ಯಾಡಗಿ ಘಾಟು ಅವರೇ, ಮೂರು ಹದ್ದಿನ ಆ ಕ್ಯಾಮೆರಾವನ್ನು ಕೊಡುವ ಮನಸ್ಸಿದೆಯೇ? ಚುಕ್ಕೆ ಇದ್ದರೂ ನಡೆಯುತ್ತದೆ. ನಾನು ಆಕಾಶ ತೆಗೆಯುವುದು ಕಡಿಮೆ. 35,000 ಕೊಡುತ್ತೇನೆ.

ಬ್ಯಾಡಗಿ ಘಾಟು

ಮಾರುವುದಿಲ್ಲ. ನಾಳೆ ದೇವರಗುಡ್ಡಕ್ಕೆ ಹೊರಟಿದ್ದೇನೆ, ಅಲ್ಲಿ ಭಂಡಾರ ಎರಚುತ್ತಾರೆ. ಲೆನ್ಸ್ ಮಾತ್ರ ಹೊರಗಿರುವಂತೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಹುಬ್ಬಳ್ಳಿಯಲ್ಲಿ ಇದರ ಇನ್ನೊಂದು ಬ್ಯಾಟರಿ ಸಿಗುವ ಅಂಗಡಿ ಗೊತ್ತಿದ್ದರೆ ಹೇಳಿ. ಇನ್ನೂರು ಚಿತ್ರಕ್ಕೆ ಸತ್ತುಹೋಗುತ್ತದೆ.