ಸಹಾಯ ಬೇಕು: ಗಾಳಿಗೆ ಬಿದ್ದ ಮರ ಕೊಯ್ಯುವ ತರಬೇತಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸ್ವಯಂಸೇವಕರ ರಕ್ಷಣಾ ತಂಡ. ಬಿರುಗಾಳಿ ಬಂದಾಗ ಚಾವಣಿಗೆ ಟಾರ್ಪಾಲ್ ಹೊದಿಸುತ್ತೇವೆ, ದಾರಿಗೆ ಬಿದ್ದ ಮರ ತೆಗೆಯುತ್ತೇವೆ. ಹಗ್ಗದ ಗಂಟು, ಏಣಿ ಎಲ್ಲ ಹೊಸಬರು ಬೇಗ ಕಲಿತರು. ತಂತಿ ಬಿದ್ದಿದ್ದರೆ ಕರೆಂಟ್ ಇದೆ ಅಂತಲೇ ತಿಳಿದು ದೂರ ನಿಲ್ಲುತ್ತಾರೆ.

ಕಷ್ಟ ಇರುವುದು ಮರದಲ್ಲಿ. ಬಾಗಿ ಸಿಕ್ಕಿಕೊಂಡ ಕೊಂಬೆಯ ಒಳಬದಿ ಒತ್ತಿಕೊಂಡಿರುತ್ತದೆ, ಹೊರಬದಿ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಒತ್ತಿದ ಕಡೆ ಆಳಕ್ಕೆ ಕೊಯ್ದರೆ ಗರಗಸ ಕಚ್ಚಿಕೊಳ್ಳುತ್ತದೆ. ಎಳೆದ ಕಡೆ ಒಮ್ಮೆಗೇ ಕೊಯ್ದರೆ ಕೊಂಬೆ ಸಿಡಿದು ಮುಖಕ್ಕೇ ಬರುತ್ತದೆ.

ಕಳೆದ ಸಲ ಬುಡಸಮೇತ ಬಿದ್ದ ಮರವೊಂದರ ಕಾಂಡ ಕೊಯ್ದೆವು. ಭಾರ ಹೋದ ಕೂಡಲೇ ಮಣ್ಣುಮೆತ್ತಿದ ಬೇರಿನ ಬುಡ ಧಡ್ ಅಂತ ಎದ್ದು ಗುಂಡಿಯೊಳಗೆ ವಾಪಸ್ ಕೂತಿತು. ಎರಡೇ ನಿಮಿಷ ಮುಂಚೆ ನಮ್ಮ ಹುಡುಗನೊಬ್ಬ ಆ ಗುಂಡಿಯಲ್ಲಿ ನಿಂತಿದ್ದ. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಸುಮ್ನೆ ಬಾಯಲ್ಲಿ ಹೇಳಿದರೆ ಇದು ತಲೆಗೆ ಹೋಗಲ್ಲ ಅಲ್ವಾ? ಹಸಿ ಕೊಂಬೆಯನ್ನು ಎರಡು ಗೂಟದ ನಡುವೆ ಬಗ್ಗಿಸಿ ಕಟ್ಟಿ, ಕೈಗರಗಸದಲ್ಲಿ ಕೊಯ್ಯಿಸಿ ನೋಡಿದೆವು. ಸ್ವಲ್ಪ ಅರ್ಥವಾಯಿತು, ಆದರೆ ದೊಡ್ಡ ಮರದ ಭಾರ ಅದರಲ್ಲಿ ಗೊತ್ತಾಗಲ್ಲ. ಯಂತ್ರದ ಗರಗಸ ಕೈಗೆ ಕೊಡುವ ಮೊದಲು ನೀವು ಏನು ಅಭ್ಯಾಸ ಮಾಡಿಸುತ್ತೀರಿ? ಬೇರಿನ ಬುಡ ಏಳದಂತೆ ಹೇಗೆ ಹಿಡಿದು ಕಟ್ಟುತ್ತೀರಿ? ಮಾಡಿ ಅನುಭವ ಇರುವವರು ದಯವಿಟ್ಟು ಬಿಡಿಸಿ ಬರೆಯಿರಿ.