ಪದಚರ್ಚೆ: ಆಂಟಿಬಯಾಟಿಕ್ 'ತಗ್ಗಿಸು' ಎನ್ನಬಹುದೇ?

ಪ್ರಶ್ನೆ: ರಕ್ತದ ಸೋಂಕಿಗೆ ಕ್ಷಿಪ್ರ ಪರೀಕ್ಷೆ ಮಾಡಿ, ಫಲಿತಾಂಶ ನೋಡಿ ಫಾರ್ಮಸಿಸ್ಟ್ ಸೂಚಿಸುವ 'ಡಿ-ಎಸ್ಕಲೇಶನ್'ಗೆ 'ತಗ್ಗಿಸು' ಸಾಕೇ? ಸೋಂಕನ್ನು 'ರಕ್ತನಂಜು' ಎಂದರೆ ತಪ್ಪೇ?

ಉತ್ತರ: 'ತಗ್ಗಿಸು' ಖಂಡಿತ ಬೇಡ. ವಾರ್ಡಿನಲ್ಲಿ ಅದನ್ನು ಓದಿದವರು ಡೋಸ್ ಕಡಿಮೆ ಮಾಡಬೇಕೆಂದೇ ತಿಳಿಯುತ್ತಾರೆ. ಇಲ್ಲಿ ಕಿರಿದಾಗುವುದು ಔಷಧದ ಹರವು, ಎಂದರೆ ಅದು ಎಷ್ಟು ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತದೆ ಎಂಬುದು.

ಒಂದು ಉದಾಹರಣೆ. ರಕ್ತ ಹಾಕಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಬಾಟಲಿ ಪಾಸಿಟಿವ್ ಆಗಿದೆ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಮ್ ಸ್ಟೇನ್‌ನಲ್ಲಿ ದ್ರಾಕ್ಷಿ ಗೊಂಚಲಿನಂಥ ನೇರಳೆ ಕಾಳುಗಳು ಕಂಡಿವೆ, ರೋಗಿಗೆ ವ್ಯಾಂಕೊಮೈಸಿನ್ ಹೋಗುತ್ತಿದೆ. ಅದೇ ಬಾಟಲಿಯ ಚೂರು ದ್ರವವನ್ನು ಬ್ಯಾಕ್ಟೀರಿಯಾದ ಜೀನ್ ಹುಡುಕುವ ಪಿಸಿಆರ್ ಪ್ಯಾನೆಲ್‌ಗೆ ಹಾಕಿದರೆ ಸುಮಾರು 1 ಗಂಟೆಯಲ್ಲಿ ಉತ್ತರ ಸಿಗುತ್ತದೆ: ಸ್ಟೆಫೈಲೊಕಾಕಸ್ ಆರಿಯಸ್ ಇದೆ, ಮೆಕ್‌ಎ ಜೀನ್ (ಇದಿದ್ದರೆ ಸೆಫಜೋಲಿನ್‌ನಂಥ ಔಷಧಕ್ಕೆ ಬಗ್ಗದು) ಸಿಕ್ಕಿಲ್ಲ. ಮಾಮೂಲಿ ವಿಧಾನದಲ್ಲಿ ಇದಕ್ಕೆ ಇನ್ನೂ ಒಂದೆರಡು ದಿನ ಬೇಕು. ಆಗ ಫಾರ್ಮಸಿಸ್ಟ್ ವೈದ್ಯರಿಗೆ ಕರೆ ಮಾಡಿ, ವ್ಯಾಂಕೊಮೈಸಿನ್ ನಿಲ್ಲಿಸಿ ಸೆಫಜೋಲಿನ್ 2 ಗ್ರಾಂ 8 ಗಂಟೆಗೊಮ್ಮೆ ಕೊಡಲು ಹೇಳುತ್ತಾರೆ (ಮೂತ್ರಪಿಂಡ ಸರಿಯಿದ್ದರೆ ಈ ಪ್ರಮಾಣ). ಈ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಲ್ಲಿ ಸೆಫಜೋಲಿನ್ ವ್ಯಾಂಕೊಮೈಸಿನ್‌ಗಿಂತ ಮೇಲು. ಚಿಕಿತ್ಸೆ ಬಲವಾಗುತ್ತಿರುವಾಗ 'ತಗ್ಗಿಸು' ಎಂದರೆ ಅರ್ಥವೇ ತಲೆಕೆಳಗು. 'ಹರವು ಕಿರಿದುಮಾಡು' ಎನ್ನಿ. ಚೀಟಿಯಲ್ಲಾದರೆ ಆ ಮಾತೂ ಬೇಡ: ಯಾವುದು ನಿಲ್ಲಬೇಕು, ಯಾವುದು ಎಷ್ಟು ಹೊತ್ತಿಗೊಮ್ಮೆ, ಅಷ್ಟನ್ನೇ ಬರೆಯಿರಿ.

ನೀವು ಕೇಳದಿದ್ದರೂ ಒಂದು ಮಾತು, ಇದು ಇನ್ನೂ ಮುಖ್ಯ. ವರದಿಯನ್ನು ಕನ್ನಡಕ್ಕೆ ತರುವಾಗ 'ನಿರೋಧಕ ಜೀನ್ ಇಲ್ಲ' ಎಂದು ಬರೆಯಬೇಡಿ, 'ಪತ್ತೆಯಾಗಿಲ್ಲ' ಎನ್ನಿ. ಪ್ಯಾನೆಲ್ ಹುಡುಕುವುದು ತನ್ನ ಪಟ್ಟಿಯಲ್ಲಿರುವ ಜೀನ್‌ಗಳನ್ನು ಮಾತ್ರ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ, ಔಷಧ ಒಳಬರುವ ರಂಧ್ರವನ್ನೇ ಕಳೆದುಕೊಂಡೋ, ಒಳಬಂದದ್ದನ್ನು ಹೊರಗೆ ಪಂಪ್ ಮಾಡಿಯೋ ಮೆರೊಪೆನೆಮ್‌ಗೆ ಬಗ್ಗದೆ ಉಳಿಯಬಲ್ಲದು. ಅದು ಪ್ಯಾನೆಲ್‌ಗೆ ಕಾಣುವುದಿಲ್ಲ. 'ಇಲ್ಲ' ಎಂಬ ಮಾತು ನಂಬಿ, ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಸಂವೇದನಾ ಪರೀಕ್ಷೆಗೆ ಕಾಯದೆ ಔಷಧ ಬದಲಿಸಿದರೆ ರೋಗಿಯ ಜೀವಕ್ಕೇ ಕುತ್ತು.

'ರಕ್ತನಂಜು' ಪದವನ್ನು ಸೆಪ್ಸಿಸ್‌ಗೆ, ಎಂದರೆ ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ್ದುಮೀರಿ ಅಂಗಾಂಗಗಳೇ ಕೆಡುವ ಸ್ಥಿತಿಗೆ, ಬಿಡೋಣ. ಗಾಯ ನಂಜಾಯಿತು, ನಂಜೇರಿತು ಎಂಬಲ್ಲಿ ದೇಹ ಕೆಟ್ಟ ಭಾವವಿದೆ, ಸೆಪ್ಸಿಸ್‌ಗೆ ಅದು ಒಪ್ಪುತ್ತದೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದವರೆಲ್ಲರಿಗೂ ಸೆಪ್ಸಿಸ್ ಇರುವುದಿಲ್ಲ. ಸೆಪ್ಸಿಸ್ ಇದ್ದೂ ಕಲ್ಚರ್ ನೆಗೆಟಿವ್ ಬರುವುದೂ ಉಂಟು. ಹಾಗಾಗಿ ರಕ್ತದಲ್ಲಿ ಬ್ಯಾಕ್ಟೀರಿಯಾ ಇರುವುದಕ್ಕೆ 'ರಕ್ತದ ಸೋಂಕು' ಸಾಕು.

ಕಲ್ಚರ್‌ಗೆಂದು ಬೇರೆಬೇರೆಯಾಗಿ ತೆಗೆದ ಎರಡು ಸೆಟ್ ರಕ್ತದಲ್ಲಿ ಒಂದರಲ್ಲಿ ಮಾತ್ರ ಚರ್ಮದ ಸ್ಟೆಫೈಲೊಕಾಕಸ್ ಬೆಳೆದರೆ 'ರಕ್ತ ಕಲುಷಿತ' ಎಂದು ಬರೆಯುವವರಿದ್ದಾರೆ. ಮನೆಯವರು ಓದಿದರೆ ಗಾಬರಿಯಾಗುತ್ತಾರೆ. 'ರಕ್ತ ತೆಗೆಯುವಾಗ ಚರ್ಮದಿಂದ ಸೇರಿರಬಹುದು' ಎಂದು ಬಿಡಿಸಿ ಬರೆಯಿರಿ.