ಸಹಾಯ ಬೇಕು: ಜಪಾನಿನ ಮನೆಯಲ್ಲಿ ಮಗಳ ಊಟದ ವಿಚಾರ

ಎಲ್ಲರಿಗೂ ನಮಸ್ಕಾರ. ಪಿಯುಸಿ ಓದುವ ನನ್ನ ಮಗಳು ವಿದ್ಯಾರ್ಥಿ ವಿನಿಮಯದಲ್ಲಿ ಜುಲೈ ಕೊನೆಗೆ ಕ್ಯೋಟೋಗೆ ಹೋಗುತ್ತಿದ್ದಾಳೆ. ಒಂದು ಜಪಾನಿ ಕುಟುಂಬದ ಮನೆಯಲ್ಲೇ ವಾಸ. ಆಗಸ್ಟ್ 16ರ ರಾತ್ರಿ ಊರ ಸುತ್ತಲಿನ ಐದು ಬೆಟ್ಟಗಳ ಮೇಲೆ ಬೆಂಕಿ ಹಚ್ಚಿ ಹಿರಿಯರ ಆತ್ಮಗಳನ್ನು ಬೀಳ್ಕೊಡುತ್ತಾರಲ್ವಾ, ಅದನ್ನು ನೋಡುವ ಆಸೆ ಅವಳಿಗೆ.

ನನ್ನ ಚಿಂತೆ ಊಟದ್ದು. ನಾವು ಸಸ್ಯಾಹಾರಿಗಳು. ಮೀನಿನ ತುಂಡು ಕಂಡರೆ ಪಕ್ಕಕ್ಕಿಡಬಹುದು. ಆದರೆ ಮಿಸೋ ಸೂಪು, ನೂಡಲ್ಸ್ ಸಾರು, ಬೇಯಿಸಿದ ತರಕಾರಿ, ಎಲ್ಲಕ್ಕೂ ಹಾಕುವ ದಾಶಿ ಎಂಬ ತಿಳಿಸಾರನ್ನು ಸಾಮಾನ್ಯವಾಗಿ ಒಣಮೀನಿನಿಂದಲೇ ಮಾಡುತ್ತಾರೆ. ಅದು ಕಣ್ಣಿಗೆ ಕಾಣುವುದೇ ಇಲ್ಲ. ಕೊಂಬು ಎಂಬ ಕಡಲಕಳೆ ಅಥವಾ ಒಣಗಿಸಿದ ಶಿಟಾಕೆ ಅಣಬೆಯಿಂದಲೂ ದಾಶಿ ಮಾಡಬಹುದು. ಅಲ್ಲಿನ ಬೌದ್ಧ ದೇವಾಲಯಗಳ ಅಡುಗೆ ಹಾಗೇ ಇರುತ್ತದೆ. ಆದರೆ ದಿನಾ ಬೇರೆ ಸಾರು ಮಾಡಿ ಅಂತ ಆ ತಾಯಿಗೆ ಹೇಗೆ ಕೇಳುವುದು? ಅವರಿಗೆ ಹೊರೆಯಾಗಬಾರದು.

ಜಪಾನಿನಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ. ಮೊದಲೇ ಪತ್ರ ಬರೆಯುವುದು ಒಳ್ಳೆಯದಾ? ಅವಳು ಕೈಯಲ್ಲಿ ಇಟ್ಟುಕೊಳ್ಳಲು ಜಪಾನಿ ಲಿಪಿಯಲ್ಲಿ ನಾಲ್ಕು ಸಾಲು ಬರೆದುಕೊಡುತ್ತೀರಾ? ಆ ಮನೆಗೆ ಚನ್ನಪಟ್ಟಣದ ಗೊಂಬೆ ಕೊಟ್ಟರೆ ಚೆನ್ನಾಗಿರುತ್ತದಾ?